ಎರಡು ಸಲ ಕೇಳಬಾರದ ಮನೆ

ಭಗವಂತ ಮೇಸ್ತ್ರಿಗೆ ಕೊಟ್ಟದ್ದನ್ನೆಲ್ಲ ಅವಸರ ಮಾಡದೆ ಒಂದೊಂದಾಗಿ ವಾಪಸ್ ತೆಗೆದುಕೊಂಡ. ಮೊದಲು ಬಲಗೈಯ ಹೆಬ್ಬೆರಳು. ಉಳಿ ಹಿಡಿದರೆ ಜಾರತೊಡಗಿತು. ಆಮೇಲೆ ತೋಳು, ಕಾಲು, ಕಡೆಗೆ ನಾಲಿಗೆ. ಊರ ತುಂಬ ಬಾಗಿಲು ಕಿಟಕಿ ನಿಲ್ಲಿಸಿದ್ದ ಮನುಷ್ಯ ತನ್ನ ಮನೆಯ ಕೋಣೆಯಲ್ಲಿ, ತಾನೇ ಕೂರಿಸಿದ ಬಾಗಿಲಿಗೆ ಎದುರಾಗಿ, ಕಬ್ಬಿಣದ ಮಂಚದ ಮೇಲೆ ಮಲಗಿಬಿಟ್ಟ. ಕಣ್ಣೆರಡನ್ನು ಮಾತ್ರ ಬಿಟ್ಟುಹೋಗಿದ್ದ ಭಗವಂತ. "ಮರೆತು ಬಿಟ್ಟನೋ, ಬೇಕಂತಲೇ ಬಿಟ್ಟನೋ, ಸಿಕ್ಕಾಗ ಕೇಳ್ತೀನಿ," ಎನ್ನುತ್ತಿದ್ದಳು ಮೇಸ್ತ್ರಿಯ ಅಕ್ಕ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದು ಸೇರಿದ್ದ ಅವಳಿಗೆ ದೇವರೊಂದಿಗೆ ಅಷ್ಟು ಸಲಿಗೆ ಇತ್ತು.

ಮೊದಲಿನಿಂದಲೂ ಮೇಸ್ತ್ರಿಯ ಆಸ್ತಿ ಅಂದರೆ ಆ ಕಣ್ಣೇ. ಚೌಕಟ್ಟು ಕೂದಲೆಳೆಯಷ್ಟು ವಾಲಿದ್ದರೂ ಬೀದಿಯಲ್ಲಿ ನಿಂತೇ ಹೇಳುತ್ತಿದ್ದ. ಹೇಳಿದ್ದನ್ನು ಇನ್ನೊಂದು ಸಲ ಹೇಳುತ್ತಿರಲಿಲ್ಲ. "ಎರಡು ಕಿವಿ ಕೊಟ್ಟಿರೋದು ಒಂದೇ ಸಲಕ್ಕೆ ಕೇಳಿಸ್ಲಿ ಅಂತ!" ಎಂದು ಕೈಕೆಳಗಿನವರ ಮೇಲೆ ರೇಗುತ್ತಿದ್ದ.

ಈಗ ಆ ಕಣ್ಣಿನ ಎದುರಿಗೆ ಕಂಪ್ಯೂಟರಿನ ಪರದೆ, ಪರದೆಯ ಅಡಿಯಲ್ಲಿ ಸಣ್ಣದೊಂದು ಕ್ಯಾಮೆರಾ. ಪರದೆಯ ಮೇಲೆ ಎಲ್ಲಿ ನೋಟ ತುಸು ಹೊತ್ತು ನಿಲ್ಲುತ್ತದೋ ಅಲ್ಲೊಂದು ನೀಲಿ ಉಂಗುರ ಮೂಡಿ, ಸುತ್ತಿಕೊಂಡು ಬಂದು, ಕೂಡಿ, ಟಿಕ್ ಎನ್ನುತ್ತದೆ. ಉಂಗುರ ಕೂಡಿತು ಅಂದರೆ ಬೆರಳಿಂದ ಒತ್ತಿದ ಹಾಗೆ. ಹೀಗೆ ಅಕ್ಷರದ ಮೇಲೆ ಅಕ್ಷರ ನೋಡುತ್ತ ಮೇಸ್ತ್ರಿ ಇಮೇಲ್ ಬರೆಯುತ್ತಿದ್ದ. ಆಸ್ಪತ್ರೆಯ ಡಾಕ್ಟರಿಗೂ ಇಮೇಲೇ, ಗೋಡೆಯಾಚೆ ಅಡುಗೆಮನೆಯಲ್ಲಿದ್ದ ಹೆಂಡತಿಗೂ ಇಮೇಲೇ. ಹೆಂಡತಿಯ ಫೋನು ಟಿಣ್ ಅಂದರೆ ಅವಳು ಕೈ ಒರೆಸಿಕೊಳ್ಳುತ್ತ ಬರುತ್ತಿದ್ದಳು. "ಮದುವೆಗೆ ಮುಂಚೆ ಒಂದು ಕಾಗದ ಬರೀಲಿಲ್ಲ, ಈಗ ದಿನಾ ಬರೀತಾನೆ," ಎಂದು ಅಕ್ಕ ಛೇಡಿಸುತ್ತಿದ್ದಳು.

ಯಂತ್ರ ಬಂದ ಹೊಸದರಲ್ಲಿ ಒಂದು ತೊಂದರೆ ಇತ್ತು. ಬರೆದದ್ದನ್ನು ಯಾರೂ ಸುಮ್ಮನೆ ಒಪ್ಪುತ್ತಿರಲಿಲ್ಲ. "ಕಿಟಕಿ ತೆಗಿ" ಎಂದು ಬೆವರು ಸುರಿಸಿ ಬರೆದರೆ, "ತೆಗೀಲಾ? ಗಾಳಿ ಜಾಸ್ತಿ ಆಗಲ್ವಾ? ನಿಜವಾಗ್ಲೂ?" ಎಂದು ಹೆಂಡತಿ ಕೇಳುತ್ತಿದ್ದಳು. ಕಡೆಗೊಂದು ಮಧ್ಯಾಹ್ನ ಮೇಸ್ತ್ರಿ ಕೂತು, ಅಂದರೆ ಮಲಗಿ, ಉದ್ದದ್ದೊಂದು ಮಾತು ಬರೆದ: "ಕಣ್ಣಲ್ಲಿ ಬರೆದದ್ದನ್ನು ಎರಡನೇ ಸಲ ಕೇಳಬೇಡಿ. ಬರೆದರೆ ಬರೆದ ಹಾಗೆ."

"ಅಪ್ಪಣೆ ಮಹಾಪ್ರಭು," ಎಂದಳು ಅಕ್ಕ. ಹೆಂಡತಿ ನಗಲಿಲ್ಲ. ಫೋನನ್ನು ಕಣ್ಣಿಗೆ ಒತ್ತಿಕೊಂಡು, "ಆಯ್ತು ರೀ. ನಿಮ್ಮ ಮಾತಿನ ಮೇಲೆ ಇನ್ನು ಈ ಮನೇಲಿ ಯಾರೂ ಮಾತಾಡಲ್ಲ," ಎಂದಳು. ಹಾಗೆಯೇ ನಡೆಯಿತು. ಒಮ್ಮೆ ಕಣ್ಣು ಜಾರಿ "ಕಿಟಕಿ ಮುಚ್ಚಿ" ಎಂದು ಬರೆದುಬಿಟ್ಟಾಗ, ಉರಿಬಿಸಿಲಿನ ದಿನ ಸಂಜೆಯವರೆಗೂ ಮೂವರೂ ಬೆಂದರು. ಯಾರೂ ಕೇಳಲಿಲ್ಲ. ತಪ್ಪಾಯಿತು ಎಂದು ಬರೆಯಲು ಮೇಸ್ತ್ರಿಗೂ ಬಿಗುಮಾನ.

ಯಂತ್ರ ಇಲ್ಲದಾಗಿನ ಭಾಷೆ ಇನ್ನೂ ಸುಲಭ. ಹೌದು ಅನ್ನಬೇಕಾದರೆ ಕಣ್ಣು ಬಿಗಿಯಾಗಿ ಮುಚ್ಚುವುದು, ಇಲ್ಲ ಅನ್ನಬೇಕಾದರೆ ಗೋಡೆಯ ಕಡೆ ನೋಡುವುದು. ಆದರೆ ಅದಕ್ಕೆ ಯಾರಾದರೂ ಕೇಳಬೇಕು. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬಲ್ಲವನು, ಯಾರೂ ಕೇಳದ ಒಂದು ಪ್ರಶ್ನೆಗಾಗಿ ಕಾಯಬೇಕಾಗಿ ಬಂದರೆ ಏನು ಗತಿ ಎನ್ನುವುದನ್ನು ಮೇಸ್ತ್ರಿ ಆವತ್ತಿನವರೆಗೆ ಯೋಚಿಸಿರಲಿಲ್ಲ.

ಆವತ್ತು ಬೆಳಿಗ್ಗೆ ಡಾಕ್ಟರಿಂದ ಇಮೇಲ್ ಬಂತು. ಒಳ್ಳೆಯ ಹೆಂಗಸು ಆಕೆ, ಸುತ್ತಿಬಳಸಿ ಬರೆಯುವವಳಲ್ಲ. ನಿಮ್ಮ ಉಸಿರಿನ ಬಲ ಕುಂದುತ್ತಿದೆ. ಗಂಟಲಲ್ಲಿ ಸಣ್ಣ ರಂಧ್ರ ಮಾಡಿ ಉಸಿರಾಟದ ಯಂತ್ರ ಜೋಡಿಸಬಹುದು. ಬೇಕಾದರೆ ಇವತ್ತೇ ಆಸ್ಪತ್ರೆಗೆ ಬರಬೇಕು, ತಡವಾದರೆ ನಿಮ್ಮ ಮೈ ತಡೆಯಲಾರದು. ಬೇಡ ಎಂದಾದರೆ ಅದೂ ನಿಮ್ಮ ಹಕ್ಕು, ಕಡೆಯವರೆಗೂ ಸಂಕಟ ಆಗದ ಹಾಗೆ ಮನೆಯಲ್ಲೇ ನೋಡಿಕೊಳ್ಳಲು ಸಂಜೆ ನರ್ಸನ್ನು ಕಳಿಸುತ್ತೇವೆ. ನೀವೇ ಹೇಳಬೇಕು, ನಿಮ್ಮ ಮನೆಯವರೂ ನಿಮ್ಮ ಮಾತೇ ಕೊನೆ ಎಂದಿದ್ದಾರೆ.

ಮೇಸ್ತ್ರಿ ಇದನ್ನು ಎಂದೋ ಯೋಚಿಸಿ ಮುಗಿಸಿದ್ದ. ಅವನಿಗೆ ಬದುಕಬೇಕಿತ್ತು. ಅದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಬೆಳಗಿನ ಬಿಸಿಲು ಕಿಟಕಿಯಿಂದ ಬಂದು ಎದುರಿನ ಬಾಗಿಲ ಮೇಲೆ ಬೀಳುತ್ತಿತ್ತು; ಮರದ ನಾರುಗುಂಟ ಇಳಿಯುತ್ತ ಇಳಿಯುತ್ತ, ಕೆಳಗಿನ ಹಲಗೆಯ ಗಂಟಿನ ಹತ್ತಿರ ಬಂದು, ಹರಿಯುವ ನೀರು ಕಲ್ಲನ್ನು ಬಳಸಿ ಹೋಗುವ ಹಾಗೆ ಹೊಳೆದು ಹೋಗುತ್ತಿತ್ತು. ಅಷ್ಟು ವರ್ಷ ಮರ ಕೊಯ್ದವನು ಅದನ್ನು ನೋಡಿರಲಿಲ್ಲ. ಗೋಡೆಯಾಚೆ ಹೆಂಡತಿ ಬಳೆ ಹಿಂದಕ್ಕೆ ತಳ್ಳಿ ಕೆಲಸಕ್ಕೆ ಕೈ ಹಾಕುವ ಸದ್ದು ಕೇಳುತ್ತಿತ್ತು. ಸಾಕು ಅನ್ನಿಸುವವರೆಗೆ ಇವನ್ನು ನೋಡಬೇಕು, ಕೇಳಬೇಕು. ಇನ್ನೂ ಸಾಕು ಅನ್ನಿಸಿರಲಿಲ್ಲ.

'ಬೇಕು' ಎಂದು ಬರೆಯಲು ಅಕ್ಷರಗಳ ಕಡೆ ಕಣ್ಣು ಇಳಿಸಿದ. ಅಲ್ಲಿ ಅಕ್ಷರಗಳೇ ಇರಲಿಲ್ಲ.

ಇಮೇಲಿನ ಪೆಟ್ಟಿಗೆ ತನ್ನಷ್ಟಕ್ಕೆ ತಾನೇ ಹೊಸ ವೇಷ ಹಾಕಿಕೊಂಡಿತ್ತು. ಅಕ್ಷರದ ಸಾಲುಗಳ ಮೇಲೆ ಬಣ್ಣದ ಹಲಗೆಯೊಂದು ಕೂತು, ಅದರ ಮೂಲೆಯಲ್ಲಿ ನಕ್ಷತ್ರವೊಂದು ಕುಣಿಯುತ್ತಿತ್ತು. "ಹೊಸತು! ನಿಮ್ಮ ಪರವಾಗಿ ನಾನೇ ಉತ್ತರ ಬರೆಯಲೇ?"

ಕುಣಿಯುವುದನ್ನು ಕಣ್ಣು ನೋಡುತ್ತದೆ. ಅದು ಕಣ್ಣಿನ ತಪ್ಪಲ್ಲ. ಮೇಸ್ತ್ರಿಯ ಕಣ್ಣೂ ನಕ್ಷತ್ರದ ಕಡೆ ಹೋಯಿತು, ಹೋದದ್ದು ಅರೆಕ್ಷಣ ನಿಂತಿತು, ಉಂಗುರ ಕೂಡಿತು. ಟಿಕ್. ನೋಡಿದ್ದನ್ನೇ ಒಪ್ಪಿಗೆ ಎಂದುಕೊಂಡ ಪೆಟ್ಟಿಗೆ ಸಂಭ್ರಮದಿಂದ ಮೂರು ಸಿದ್ಧ ಉತ್ತರಗಳನ್ನು ಸಾಲಾಗಿ ಇಟ್ಟಿತು. "ಆಮೇಲೆ ತಿಳಿಸುತ್ತೇನೆ." "ಮಾತಾಡಲು ಸಮಯ ಕೊಡಿ." ಮೂರನೆಯದು: "ಯಂತ್ರ ಬೇಡ. ಎಲ್ಲದಕ್ಕೂ ಧನ್ಯವಾದಗಳು."

ಹೆದರಿದ ಕಣ್ಣು ಹೆದರಿಸಿದ್ದರ ಮೇಲೇ ನಿಂತುಬಿಟ್ಟಿತು. ಕೀಳಬೇಕು, ಕೀಳಬೇಕು ಅನ್ನುವಷ್ಟರಲ್ಲಿ ನೀಲಿ ಉಂಗುರ ಸುತ್ತಿ ಬಂದು ಕೂಡಿತು.

ಟಿಕ್. "ಕಳಿಸಲಾಗಿದೆ."

ಕಳಿಸಿದ್ದನ್ನು ಹಿಂದಕ್ಕೆ ಕರೆಯುವ ಗುಂಡಿ ಪರದೆಯ ಮೇಲ್ಭಾಗದ ಬಲಮೂಲೆಯಲ್ಲಿ ಮೂಡಿತು. ಮೇಸ್ತ್ರಿಗೆ ಅದು ಕಂಡಿತು. ಆದರೆ ಕುತ್ತಿಗೆ ಸೋತು ತಲೆ ಎಡಕ್ಕೆ ಜಾರಿದಂದಿನಿಂದ ಆ ಮೂಲೆಯ ನೋಟ ಕ್ಯಾಮೆರಾಕ್ಕೆ ಸಿಗುತ್ತಿರಲಿಲ್ಲ. ಎಷ್ಟು ದಿಟ್ಟಿಸಿದರೂ ಉಂಗುರ ಮೂಡಲಿಲ್ಲ. ಗುಂಡಿ ಒಂದಿಷ್ಟು ಹೊತ್ತು ಕಾದು, ಗಿರಾಕಿ ಇಲ್ಲದ ಅಂಗಡಿಯ ಹಾಗೆ ಮುಚ್ಚಿಕೊಂಡಿತು.

ಗೋಡೆಯಾಚೆ ಹೆಂಡತಿಯ ಫೋನು ಟಿಣ್ ಎಂದಿತು. ಡಾಕ್ಟರಿಗೆ ಹೋದದ್ದರ ನಕಲು ಅವಳಿಗೂ ಹೋಗುವ ಏರ್ಪಾಡು. ಪಾತ್ರೆಯ ಸದ್ದು ನಿಂತಿತು. ಆಮೇಲೆ ಅವಳು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು.

'ಕೇಳು,' ಎಂದು ಮೇಸ್ತ್ರಿ ಒಳಗೇ ಕೂಗಿದ. 'ನಿಜವಾಗ್ಲೂನಾ ಅಂತ ಕೇಳೇ, ಮಾರಾಯ್ತಿ. ಒಂದೇ ಒಂದು ಸಲ.'

ಅವಳ ತುಟಿ ತೆರೆಯಿತು. ಮತ್ತೆ ಮುಚ್ಚಿತು. ಕೊಟ್ಟ ಮಾತು ನೆನಪಾಗಿರಬೇಕು. ಹತ್ತಿರ ಬಂದು ಅವನ ಹಣೆಯ ಮೇಲೆ ಕೈಯಿಟ್ಟಳು, ಹೊದಿಕೆ ಸರಿಮಾಡಿದಳು, ಹೊರಗೆ ಹೋದಳು.

ಗೋಡೆಯಾಚೆ ಅಕ್ಕನ ದನಿ: "ಏನಂತೆ?"

"ಬೇಡ ಅಂದ್ರು, ಅತ್ತಿಗೆ."

"ಅಯ್ಯೋ ದೇವರೇ. ಇನ್ನೊಂದು ಸಲ ಕೇಳು ಹೋಗೇ."

"ಹೇಗೆ ಕೇಳ್ಲಿ? ಒಂದೊಂದು ಅಕ್ಷರಕ್ಕೂ ಜೀವ ತೇಯ್ದು ಬರೀತಾರೆ. ಅಂಥಾ ಮಾತನ್ನ ಎರಡೆರಡು ಸಲ ಹೇಳಿಸ್ಲಾ?" ಮೂಗೊರೆಸಿಕೊಂಡ ಸದ್ದು. "ಧನ್ಯವಾದ ಅಂತ ಬೇರೆ ಬರ್ದಿದ್ದಾರೆ, ಅತ್ತಿಗೆ. ಇಷ್ಟು ವರ್ಷದಲ್ಲಿ ನನಗಾಗ್ಲಿ ಯಾರಿಗಾಗ್ಲಿ ಆ ಮಾತು ಅಂದವರಲ್ಲ. ಹೊರಡೋ ಹೊತ್ತಿಗೆ ಅಂದ್ರು."

ಮೇಸ್ತ್ರಿಯ ಕಣ್ಣಿಂದ ನೀರು ಇಳಿದು ಕಿವಿಯ ಹಳ್ಳದಲ್ಲಿ ನಿಂತಿತು. ನಿಜ, ತಾನು ಎಂದೂ ಆ ಮಾತು ಅಂದವನಲ್ಲ. ಅನ್ನಬೇಕಾಗಿದ್ದಾಗ ನಾಲಿಗೆ ಇತ್ತು, ಅಂದಿರಲಿಲ್ಲ. ಈಗ ಪೆಟ್ಟಿಗೆ ಅಂದಿದೆ, ಅವಳು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಅಳುತ್ತಿದ್ದಾಳೆ.

ಡಾಕ್ಟರ ಉತ್ತರವೂ ಬಂತು. ನಿಮ್ಮ ನಿರ್ಧಾರವನ್ನು ಗೌರವಿಸುತ್ತೇವೆ. ನರ್ಸ್ ಸಂಜೆ ಬರುತ್ತಾರೆ.

ಆಮೇಲೆ ನಡೆದದ್ದು ಕಾಳಗ. ಮೈಯಲ್ಲಿ ಅಲುಗಾಡುವುದು ಎರಡು ಕಣ್ಣುಗುಡ್ಡೆ ಮಾತ್ರ ಇದ್ದವನು ಮಾಡಬಹುದಾದ ಕಾಳಗ. ಅಕ್ಷರದ ಸಾಲು ತೆರೆದರೆ ಸಾಕು, ಹಲಗೆ ಬಂದು ಕೂರುತ್ತಿತ್ತು. "ಈ ಸಂಭಾಷಣೆಯ ಸಾರಾಂಶ ಬೇಕೇ?" ಅದರ ಬದಿಯಿಂದ ನುಸುಳಿದರೆ, "ನಿಮ್ಮ ಬರಹವನ್ನು ಇನ್ನಷ್ಟು ಆತ್ಮೀಯವಾಗಿಸಲೇ?" ಮುಚ್ಚುವ ಗುರುತು ಪ್ರತಿ ಹಲಗೆಗೂ ಬಲಮೂಲೆಯಲ್ಲೇ, ಕಣ್ಣು ತಲುಪದ ಕಡೆ. ಒಮ್ಮೆ ಒಂದು ಹಲಗೆ ಹೋಗಿ ಇನ್ನೊಂದು ಬರುವ ಸಂದಿಯಲ್ಲಿ 'ಬೇ' ಎಂದು ಬರೆದೇಬಿಟ್ಟ. ಪೆಟ್ಟಿಗೆ ಮುಂದಿನದನ್ನು ತಾನೇ ಬೂದು ಬಣ್ಣದಲ್ಲಿ ಪೂರೈಸಿ ತೋರಿಸಿತು: "ಬೇಡ. ಧನ್ಯವಾದಗಳು." ಒಮ್ಮೆ ಕಲಿತದ್ದನ್ನು ಮರೆಯದ ಜಾಣ ಪೆಟ್ಟಿಗೆ. ಮೇಸ್ತ್ರಿ ಕೆಂಡ ಮೆಟ್ಟಿದವನ ಹಾಗೆ ಕಣ್ಣನ್ನು ಗೋಡೆಗೆ ಎಸೆದ.

ಉಸಿರು ಗಂಟಲ ಹತ್ತಿರವೇ ಬಂದು ತಿರುಗಿ ಹೋಗುತ್ತಿತ್ತು. ಕಿಟಕಿಯ ಬಿಸಿಲು ಬಾಗಿಲಿನ ಗಂಟು ದಾಟಿ ನೆಲಕ್ಕೆ ಇಳಿದಿತ್ತು.

ನಡುವೆ ಹೆಂಡತಿ ಬಂದಳು. ಮುಖ ತೊಳೆದುಕೊಂಡು, ಬೈತಲೆ ತಿದ್ದಿಕೊಂಡು ಬಂದಿದ್ದಳು. ಅದನ್ನು ನೋಡಿ ಅವನಿಗೆ ಇನ್ನಷ್ಟು ಭಯವಾಯಿತು. ಅವನ ಕಣ್ಣು ಹುಚ್ಚೆದ್ದು ಅತ್ತಿತ್ತ ಓಡುವುದನ್ನು ಕಂಡು ಕೇಳತೊಡಗಿದಳು.

"ಬಾಯಿ ಒಣಗ್ತಿದ್ಯಾ?"

ಗೋಡೆ.

"ಸೆಕೇನಾ? ಫ್ಯಾನ್ ಜೋರು ಮಾಡ್ಲಾ?"

ಗೋಡೆ.

"ಎಲ್ಲಾದ್ರೂ ತುರಿಸ್ತಿದ್ಯಾ? ಬೆನ್ನಾ? ಕಾಲಾ?"

ಗೋಡೆ, ಗೋಡೆ.

"ದೇವರ ಹೆಸರು ಹೇಳ್ಲಾ, ರೀ?"

ಮೇಸ್ತ್ರಿ ದೇವರನ್ನು ನಂಬಿದವನೇ. ಆದರೂ ಗೋಡೆ ನೋಡಿದ. ಅವಳು ಇನ್ನೇನು ಕೇಳುವುದೆಂದು ತೋಚದೆ ಹೊರಗೆ ಹೋದಳು. ಪ್ರಪಂಚದ ಪ್ರಶ್ನೆಗಳನ್ನೆಲ್ಲ ಕೇಳಿದಳು. ಬದುಕಬೇಕಾ ಎಂದು ಯಾರು ಯಾರನ್ನು ಕೇಳುತ್ತಾರೆ?

ಅವಳು ಹೋದ ಮೇಲೆ ಅಕ್ಕ ಬಂದು ಸ್ಟೂಲು ಎಳೆದು ಕೂತಳು. ಕಣ್ಣು ಕೆಂಪಾಗಿದ್ದರೂ ಬಾಯಿ ಸುಮ್ಮನಿರುವ ಜಾತಿಯಲ್ಲ.

"ಬೇಡ ಅಂತೆ. ದೊಡ್ಡ ಮನುಷ್ಯ. ಹುಟ್ಟಿದಾಗ ಎತ್ತಿಕೊಂಡವಳು ನಾನು, ನನ್ನನ್ನ ಒಂದು ಮಾತು ಕೇಳಿದ್ಯಾ?" ಎಂದು ಗದರಿ, ತಾನೇ ತಣ್ಣಗಾದಳು. "ಕೇಳಬಾರದಂತೆ, ಕೇಳಲ್ಲಪ್ಪ. ಕಥೆ ಹೇಳ್ತೀನಿ. ಅಜ್ಜಿ ಹೇಳ್ತಿದ್ಲಲ್ಲ, ದೀಪದವಳ ಕಥೆ. ನೀನು ನನ್ನ ಬೆನ್ನ ಹಿಂದೆ ಅಡಗಿಕೊಂಡು ಕೇಳ್ತಿದ್ದೆ, ಮಹಾ ಧೈರ್ಯವಂತ."

ಅವಳು ಕಥೆ ಹೇಳುವಾಗ ದನಿ ಬೇರೆಯಾಗುತ್ತಿತ್ತು. ದಾರಿ ನಡೆಯುವವರ ದನಿ.

"ಒಂದಾನೊಂದು ಕಾಡುದಾರಿ. ಮುಸ್ಸಂಜೆ ಆದ್ರೆ ಅಲ್ಲಿ ಕೈಯಲ್ಲಿ ದೀಪ ಹಿಡ್ಕೊಂಡು ಒಬ್ಬಳು ಎದುರಾಗ್ತಾಳೆ. ಬಾಯಿ ಅಂದ್ರೆ ಜೇನು. ದಾರಿ ತೋರಿಸ್ಲಾ ಅಂತಾಳೆ. ಗಂಟು ಹೊರ್ಲಾ ಅಂತಾಳೆ. ಕಾಲು ನೋಯ್ತಿದ್ಯಾ, ನಿನ್ನ ಬದಲು ನಾನೇ ನಡೀಲಾ ಅಂತಾಳೆ. ನೋಡಿದವನು ಅವಳವನಾದ. ಮಾತಾಡ್ಬೇಕಾಗಿಲ್ಲ, ಸುಮ್ನೆ ನೋಡಿದ್ರೆ ಸಾಕು. ಒಬ್ಬ ದಾರಿಹೋಕ ಬಂದ. ಕಣ್ಣು ಮುಚ್ಚಿದ, ಎಡವಿದ. ಬೈದ, ಅವಳು ನಕ್ಕಳು. ಓಡಿದ, ಅವಳು ಮುಂದೆ ನಿಂತಿದ್ಲು. ಆಗ ಅವನಿಗೆ ಜ್ಞಾನೋದಯ ಆಯ್ತು. ಎದುರಿಗೆ ನಿಂತು ಜಗಳ ಆಡೋದು ಬಿಟ್ಟು, ದೊಡ್ಡ ಸುತ್ತು ಹಾಕಿ ಅವಳ ಬೆನ್ನ ಹಿಂದಕ್ಕೆ ಹೋದ. ನೋಡ್ತಾನೆ, ಬೆನ್ನೇ ಇಲ್ಲ! ಬರೀ ಪೊಟರೆ. ಪೊಟರೆ ಒಳಗೆ ದೀಪದ ಬತ್ತಿ. ಉಫ್ ಅಂದ. ಆರಿಹೋಯ್ತು."

ಅಕ್ಕ ಮುಂದೆ ಏನೋ ಹೇಳುತ್ತಿದ್ದಳು. ಮೇಸ್ತ್ರಿ ಪೊಟರೆಯಲ್ಲೇ ನಿಂತಿದ್ದ. ಎದುರಿಗೆ ನಿಂತು ಹೋರಾಡುತ್ತಿದ್ದೇನೆ, ಬೆಳಗಿನಿಂದ. ಇದಕ್ಕೂ ಬೆನ್ನಿದೆ. ಈ ಕಂಪ್ಯೂಟರು ಜೋಡಿಸಿಕೊಟ್ಟ ಹೆಂಗಸು ಆವತ್ತು ತೋರಿಸಿದ್ದಳಲ್ಲ, ಬಲಮೂಲೆಯ ಹಲ್ಲುಚಕ್ರದ ಗುರುತು, ಅದರೊಳಗೆ ಪೆಟ್ಟಿಗೆಯ ಗುಣವನ್ನೆಲ್ಲ ಬದಲಿಸುವ ಸೆಟ್ಟಿಂಗು. ಅಲ್ಲಿಗೆ ಹೋದರೆ ಇದರ ಬತ್ತಿ ಸಿಗುತ್ತದೆ. ಹೋಗಬೇಕಾದರೆ ತಲೆ ಬಲಕ್ಕೆ ಬರಬೇಕು.

ಅವನು ದಿಂಬಿನ ಕಡೆ ಕಣ್ಣು ಇಳಿಸಿದ. ಮೂಗಿನ ಬದಿಯಿಂದ ಬಿಳಿಯ ಅಂಚಷ್ಟೇ ಕಾಣುತ್ತಿತ್ತು. ಅಲ್ಲೇ ನೆಟ್ಟ.

"ಏನೋ? ಏನಿದೆ ಅಲ್ಲಿ? ಇರುವೆನಾ?"

ಗೋಡೆ. ಮತ್ತೆ ದಿಂಬು.

"ದಿಂಬಾ? ದಿಂಬು ಸರಿಮಾಡ್ಲಾ?"

ಮೇಸ್ತ್ರಿ ಕಣ್ಣನ್ನು ಎಷ್ಟು ಬಿಗಿಯಾಗಿ ಮುಚ್ಚಿದನೆಂದರೆ ಹಣೆ ನಡುಗಿತು.

ಅಕ್ಕ ದಿಂಬು ಎಳೆದಳು. ತಲೆ ಇನ್ನೂ ಎಡಕ್ಕೆ ಹೋಯಿತು. "ಸರಿಯಾಯ್ತಾ?" ಗೋಡೆ. "ಈ ಕಡೆಗಾ?" ಕಣ್ಣು ಮುಚ್ಚಿದ. ಸರಿಸಿದಳು. "ಸಾಕಾ?" ಗೋಡೆ. "ಇನ್ನೂನಾ? ಚೌಕಟ್ಟು ಕೂರಿಸೋ ಹಾಗೆ ಕೂರಿಸ್ಕೊಳ್ತಾನಪ್ಪ ತಲೆನ. ಈಗ?" ಗೋಡೆ. "ಬಾರೇ ಇಲ್ಲಿ," ಎಂದು ಹೆಂಡತಿಯನ್ನು ಕೂಗಿದಳು. "ನಿನ್ನ ಗಂಡನಿಗೆ ದಿಂಬು ಒಗ್ತಿಲ್ಲ." ಹೆಂಡತಿ ಬಂದು, ಟವೆಲು ಮಡಿಸಿ ಎಡಗಿವಿಯ ಕೆಳಗೆ ಒತ್ತುಕೊಟ್ಟಳು. ಮಡಿಕೆಯ ಮೇಲೆ ಮಡಿಕೆ. ಕುತ್ತಿಗೆಯಲ್ಲಿ ಸೂಜಿ ಚುಚ್ಚಿದಂತಾಯಿತು, ಉಸಿರು ಇನ್ನೂ ಸಣ್ಣದಾಯಿತು.

"ನೋಯ್ತಿದ್ಯಾ? ತೆಗೀಲಾ?"

ಗೋಡೆ, ಗೋಡೆ.

ಮೇಲಿನ ಬಲಮೂಲೆಯಲ್ಲಿ ಹಲ್ಲುಚಕ್ರ. ನೋಡಿದ. ಏನೂ ಆಗಲಿಲ್ಲ. ನೋಡಿದ. ಕ್ಯಾಮೆರಾ ನೋಟವನ್ನು ಹುಡುಕಿತು, ಕಳೆದುಕೊಂಡಿತು, ಮತ್ತೆ ಹುಡುಕಿತು. ನೀಲಿಯ ಒಂದು ಎಳೆ ಮೂಡಿ ಸುತ್ತಿಕೊಳ್ಳತೊಡಗಿದಾಗ ಮೇಸ್ತ್ರಿ ಉಸಿರನ್ನೇ ಮರೆತ. ಟಿಕ್.

ಒಳಗೆ ಸಾಲುಸಾಲು. ಬಣ್ಣ, ಸದ್ದು, ಸಹಿ, ರಜೆಯ ಸೂಚನೆ. ಕಣ್ಣೀರಿಗೆ ಅಕ್ಷರ ಕಲಸಿಹೋಗುತ್ತಿದ್ದವು. ಎಲ್ಲಕ್ಕಿಂತ ಕೆಳಗೆ, ಯಾರೂ ಇಣುಕದ ಕಡೆ: "ಸಲಹೆಗಳು ಮತ್ತು ಹೊಸ ಸೌಲಭ್ಯಗಳ ಸೂಚನೆ." ಪಕ್ಕದಲ್ಲಿ ಹಸಿರು ಗುಂಡಿ. ಕಣ್ಣಿಟ್ಟ.

"ಇವನ್ನು ನಿಲ್ಲಿಸಿದರೆ ನೀವು ಬಹಳಷ್ಟನ್ನು ಕಳೆದುಕೊಳ್ಳುವಿರಿ. ಖಚಿತವೇ?"

ಖಚಿತ. ಟಿಕ್.

"ನಿಜವಾಗಿಯೂ ನಿಲ್ಲಿಸಲೇ?"

ಈ ಮನೆಯಲ್ಲಿ ಎರಡು ಸಲ ಕೇಳುವುದು ಇದೊಂದೇ ಎಂದು ಮೇಸ್ತ್ರಿಗೆ ಹೊಳೆಯಿತು. ಆ ಸಂಕಟದಲ್ಲೂ ಒಳಗೆಲ್ಲೋ ನಗೆ ಬಂತು, ಬಂದದ್ದು ಕೆಮ್ಮಾಗಲೂ ಬಲವಿಲ್ಲದೆ ಅಲ್ಲೇ ಸತ್ತಿತು. ನಿಲ್ಲಿಸು. ಟಿಕ್. ಹಸಿರು ಬೂದಾಯಿತು. ಬತ್ತಿ ಆರಿತು.

ಹೊರಗೆ ಗೇಟಿನ ಸದ್ದು, ಕರೆಗಂಟೆ.

"ನರ್ಸ್ ಬಂದ್ರು ಅನ್ಸುತ್ತೆ," ಎಂದಳು ಅಕ್ಕ. ಅವಳ ಮುಖ ಒಮ್ಮೆಗೇ ಮುದುಕಿಯದಾಯಿತು. "ನಾನು ಹೋಗ್ತೀನಿ. ನೀನಿಲ್ಲೇ ಇರು."

ಮುಂಬಾಗಿಲ ಹತ್ತಿರ ಮೆಲುದನಿಯ ಮಾತು, ಚಪ್ಪಲಿ ಬಿಡುವ ಸದ್ದು, ಚೀಲ ನೆಲಕ್ಕಿಡುವ ಸದ್ದು. ಹೆಂಡತಿ ಮಂಚದ ಸರಳು ಹಿಡಿದು ನಿಂತಿದ್ದಳು. ಮೇಸ್ತ್ರಿ ಅಕ್ಷರದ ಸಾಲು ತೆರೆದ. ಯಾರೂ ಅಡ್ಡ ಬರಲಿಲ್ಲ. ಬೆಳಗಿನಿಂದ ಮೊದಲ ಸಲ ಅಕ್ಷರಗಳು ಗೂಡಿನ ಹಕ್ಕಿಗಳ ಹಾಗೆ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದವು. ಬೇ. ಕ. ಅದಕ್ಕೊಂದು ಕೊಂಬು.

ಟಿಣ್ ಎಂದಿತು, ಅವಳ ಕೈಯಲ್ಲೇ.

"ಬೇಕು," ಎಂದು ಓದಿದಳು. "ಏನು ಬೇಕು, ರೀ? ನೀರಾ?" ಕೇಳಿದವಳೇ ನಾಲಿಗೆ ಕಚ್ಚಿಕೊಂಡಳು. "ಕೇಳಲ್ಲ, ಕೇಳಲ್ಲ. ತರ್ತೀನಿ."

ತಿರುಗಿಯೇಬಿಟ್ಟಳು. ಮೇಸ್ತ್ರಿಯ ಕಣ್ಣು ಅಕ್ಷರದಿಂದ ಅಕ್ಷರಕ್ಕೆ ಹಾರುತ್ತಿತ್ತು; ಉಂಗುರ ನಿಧಾನವಾಗಿ, ಇನ್ನೂ ನಿಧಾನವಾಗಿ ಸುತ್ತಿತು. ಅವಳು ಬಾಗಿಲ ಬಳಿ ಇದ್ದಳು, ನರ್ಸಿನ ಬಿಳಿ ಕೋಟು ಅವಳ ಹಿಂದೆ ಕಾಣುತ್ತಿತ್ತು, ಅಕ್ಕನ ದನಿ "ಬನ್ನಿ, ಇಲ್ಲೇ" ಎನ್ನುತ್ತಿತ್ತು.

ಟಿಣ್.

ಅವಳು ಚೌಕಟ್ಟಿನಲ್ಲೇ ನಿಂತು ನೋಡಿದಳು. ಒಂದೇ ಪದ. "ಉಸಿರು."

ಮೊದಲು ಅವಳ ತುಟಿ ಎರಡು ಪದಗಳನ್ನೂ ಜೋಡಿಸಿ ಸದ್ದಿಲ್ಲದೆ ಅಂದು ನೋಡಿತು. ಆಮೇಲೆ ಬಂದು ಮಂಚದ ಮೇಲೆ ಬಿದ್ದ ಹಾಗೆ ಕೂತು, ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು.

"ಯಂತ್ರ ಬೇಕಾ? ಬದುಕಬೇಕಾ ನಿಮಗೆ?"

ಕಣ್ಣು ಮುಚ್ಚಿದ.

"ಹಾಗಿದ್ರೆ ಬೆಳಿಗ್ಗೆ ಬೇಡ ಅಂತ ಬರ್ದಿದ್ದು? ನೀವಲ್ವಾ?"

ಗೋಡೆ ನೋಡಿದ. ಅಲ್ಲಿಂದ ಪೆಟ್ಟಿಗೆಯನ್ನು ನೋಡಿದ. ಅವಳೂ ಪೆಟ್ಟಿಗೆಯನ್ನು ನೋಡಿದಳು. ಆ ನೋಟವನ್ನು ಕ್ಯಾಮೆರಾ ಓದಬಲ್ಲುದಾಗಿದ್ದರೆ ಸುಟ್ಟುಹೋಗುತ್ತಿತ್ತು.

"ಧನ್ಯವಾದಾನೂ ಇದರದ್ದೇನಾ?" ಎಂದಳು, ಸಣ್ಣ ದನಿಯಲ್ಲಿ.

ಮೇಸ್ತ್ರಿ ಅವಳನ್ನೇ ನೋಡಿದ. ಆಮೇಲೆ ನಿಧಾನಕ್ಕೆ, ಇಲ್ಲ ಎಂದು, ಗೋಡೆಯ ಕಡೆ ಕಣ್ಣು ತಿರುಗಿಸಿದ. ಅದು ಅವನು ಹೇಳಿದ ಸುಳ್ಳೋ ನಿಜವೋ ಅವನನ್ನು ಸೃಷ್ಟಿಸಿದವನಿಗೇ ಗೊತ್ತು.

ಆಗಲೇ ಅವಳು ಡಾಕ್ಟರಿಗೆ ಫೋನು ಹಚ್ಚಿ ಕಿವಿಗೆ ಒತ್ತಿಕೊಂಡಿದ್ದಳು. ನರ್ಸ್ ಎಲ್ಲವನ್ನೂ ಒಂದೇ ನೋಟಕ್ಕೆ ಅರ್ಥಮಾಡಿಕೊಂಡು, ಚೀಲ ಬಿಟ್ಟು ಬಂದು ಅವನ ಎದೆಯ ಏರಿಳಿತ ನೋಡಿ, "ಗಾಡಿ ಹೊರಗೇ ಇದೆ, ಬೇಗ," ಎಂದರು. ಅಕ್ಕ ದೇವರನ್ನು ಬೈಯುತ್ತ, ಹೊಗಳುತ್ತ, ಟವೆಲು ಹುಡುಕುತ್ತಿದ್ದಳು. ಆಚೆ ಕಡೆ ಫೋನು ಬಡಿದುಕೊಳ್ಳುತ್ತಲೇ ಇತ್ತು, ಯಾರೂ ಎತ್ತುತ್ತಿರಲಿಲ್ಲ.

"ಇನ್ಮೇಲೆ ಕೇಳ್ತೀನಿ," ಎಂದಳು ಹೆಂಡತಿ ಅವನ ಕಿವಿಗೆ ಬಾಗಿ. "ಹತ್ತು ಸಲ ಕೇಳ್ತೀನಿ, ರೇಗಿದ್ರೆ ರೇಗಿ. ಬೇಕು ತಾನೇ?"

ಕಣ್ಣು ಮುಚ್ಚಿದ.

"ನಿಜವಾಗ್ಲೂ?"

ಮುಚ್ಚಿದ.

"ಸರಿಯಾಗಿ ಹೇಳಿ. ನಿಜವಾಗ್ಲೂ?"

ಉಸಿರು ಎಲ್ಲೋ ದೂರದಿಂದ, ಕಾಲೆಳೆಯುತ್ತ ಬರುತ್ತಿತ್ತು. ಅದು ಬರುವವರೆಗೆ ಕಾದು, ಮೇಸ್ತ್ರಿ ಮತ್ತೆ ಕಣ್ಣು ಮುಚ್ಚಿದ. ಅವಳು ಇನ್ನೊಮ್ಮೆ ಕೇಳಲಿ ಎಂದು ತೆರೆದ.